ಶಿಖರದ ಸುದ್ದಿ ತಂದವರು

1953ರಲ್ಲಿ ತೇನ್‌ಸಿಂಗ್, ಹಿಲರಿ ಎವರೆಸ್ಟ್ ಏರಿದ ಪಾಠವನ್ನು ನನ್ನ ವಿದ್ಯಾರ್ಥಿಗಳು ಮರೆತಿರಲಾರರು. ಆ ಸುದ್ದಿಯನ್ನು ಲಂಡನ್ನಿಗೆ ಮುಟ್ಟಿಸಿದ ಪತ್ರಕರ್ತ ಜೇಮ್ಸ್ ಮಾರಿಸ್. ತಾನು ಹೆಣ್ಣೆಂಬ ಅರಿವು ಅವರಿಗೆ ಎಳವೆಯಲ್ಲೇ ಮೂಡಿತ್ತು. 1964ರಿಂದ ಹಾರ್ಮೋನು ಚಿಕಿತ್ಸೆ ಪಡೆದರು. ಶಸ್ತ್ರಚಿಕಿತ್ಸೆಗೆ ಮೊದಲು ಪತ್ನಿ ಎಲಿಜಬೆತ್‌ರಿಂದ ವಿಚ್ಛೇದನ ಪಡೆಯಬೇಕೆಂದರು ಇಂಗ್ಲೆಂಡಿನ ವೈದ್ಯರು. ಆಗ ಅದಕ್ಕೊಪ್ಪದೆ 1972ರಲ್ಲಿ ಮೊರಾಕ್ಕೋದ ಕಾಸಾಬ್ಲಾಂಕಾಕ್ಕೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಜ್ಯಾನ್ ಆಗಿ ಮರಳಿದರು. 1974ರಲ್ಲಿ ‘ಕನಂಡ್ರಮ್’ ಎಂಬ ಆತ್ಮಕಥನದಲ್ಲಿ ಇದನ್ನೆಲ್ಲ ಬರೆದರು.

ಕಾನೂನು ಮುಂದೆ ಅವರ ಮದುವೆಯನ್ನು ಮುರಿಯಿತು, ಮನೆಯನ್ನಲ್ಲ. ಇಬ್ಬರೂ ಜೊತೆಯಲ್ಲೇ ಬಾಳಿ, 2008ರಲ್ಲಿ ನಾಗರಿಕ ಸಹಭಾಗಿತ್ವವನ್ನು ನೋಂದಾಯಿಸಿಕೊಂಡರು. ಜ್ಯಾನ್ 2020ರಲ್ಲಿ ತೀರಿಕೊಂಡರು.

ನಿಮ್ಮ ಮನೆಯ ಮಗುವೊಂದು ಇಂಥದೇ ಮಾತನ್ನು ಹೇಳಿಕೊಂಡರೆ, ಎಲಿಜಬೆತ್‌ರಂತೆ ಕೈಬಿಡದಿರಿ. ನಿಮ್ಮ ಹಳೆಯ ಮೇಷ್ಟರ ಕೋರಿಕೆಯಿದು.