ಕಪಿಲೆಯ ಹಿನ್ನೀರಿನಲ್ಲಿ ಗಜಯೂಥ

ಬೇಸಿಗೆಯಲ್ಲಿ ಪ್ರವಾಸ ಹೊರಡುವವರು ಸಾಮಾನ್ಯವಾಗಿ ತಂಪಾದ ಬೆಟ್ಟಗಳನ್ನು ಅರಸಿ ಹೋಗುತ್ತಾರೆ. ಏಪ್ರಿಲ್ ತಿಂಗಳ ಸುಡುಬಿಸಿಲಿನಲ್ಲಿ, ಎಲೆಯುದುರಿ ಬೋಳಾದ ಕಾಡಿನ ನಡುವೆ, ಅರ್ಧ ಬತ್ತಿದ ಜಲಾಶಯವೊಂದನ್ನು ನೋಡಲು ಹೊರಟಿರುವೆನೆಂದು ಹೇಳಿದಾಗ ನನ್ನ ಮನೆಯವರು ನಕ್ಕರು. “ತುಂಬಿದ ಕೆರೆಯನ್ನು ನೋಡಲು ಹೋಗುವವರನ್ನು ಕಂಡಿದ್ದೇನೆ; ಬತ್ತಿದ ಕೆರೆಯನ್ನು ನೋಡಲು ಹೋಗುವವರು ನೀವೊಬ್ಬರೇ ಸರಿ” ಎಂದರು. ಹಿಂದಿರುಗಿ ಬಂದು ಕಂಡುದನ್ನು ವಿವರಿಸಿದ ಮೇಲೆ, ಮುಂದಿನ ಬೇಸಿಗೆಗೆ ತಾವೂ ಬರುವುದಾಗಿ ಅವರೇ ಹಠ ಹಿಡಿದಿದ್ದಾರೆ.

ಕಪಿಲೆಯೆಂದೂ ಹೆಸರುಳ್ಳ ಕಬಿನಿ ನದಿಯು ಕೇರಳದ ವಯನಾಡಿನಲ್ಲಿ ಹುಟ್ಟಿ, ಪೂರ್ವಾಭಿಮುಖವಾಗಿ ಹರಿದು ನಮ್ಮ ನಾಡನ್ನು ಪ್ರವೇಶಿಸಿ, ನಂಜನಗೂಡನ್ನು ಹಾದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. 1974ರಲ್ಲಿ ಬೀಚನಹಳ್ಳಿಯ ಬಳಿ ಈ ನದಿಗೆ ಕಟ್ಟಿದ ಅಣೆಕಟ್ಟು ಪೂರ್ಣಗೊಂಡಿತು. ಅದರ ಹಿನ್ನೀರು ಹಳ್ಳಿಗಳನ್ನೂ ಹಾಡಿಗಳನ್ನೂ ದಟ್ಟವಾದ ಕಾಡನ್ನೂ ನುಂಗಿ ಹರಡಿಕೊಂಡಿತು. ಇಂದು ಆ ನೀರಿನ ಉತ್ತರದ ದಡದಲ್ಲಿ ನಾಗರಹೊಳೆಯ ಅರಣ್ಯ, ದಕ್ಷಿಣದ ದಡದಲ್ಲಿ ಬಂಡೀಪುರದ ಅರಣ್ಯ. ಮುಳುಗಿದ ಮರಗಳ ಒಣ ಕಾಂಡಗಳು ಇನ್ನೂ ನೀರಿನ ನಡುವೆ ನೆಟ್ಟಗೆ ನಿಂತಿವೆ. ಅವುಗಳ ತುದಿಯಲ್ಲಿ ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸಿಕೊಳ್ಳುತ್ತವೆ.

ಮೈಸೂರಿನಿಂದ ಹೆಗ್ಗಡದೇವನಕೋಟೆ, ಅಂತರಸಂತೆಗಳನ್ನು ದಾಟಿ ನಾವು ಕಾರಾಪುರವನ್ನು ಸೇರಿದಾಗ ಮಧ್ಯಾಹ್ನದ ಬಿಸಿಲು ಇನ್ನೂ ಇಳಿದಿರಲಿಲ್ಲ. ನಾವೆಂದರೆ ನಾನು, ನನ್ನ ಗೆಳೆಯರೊಬ್ಬರು, ಅವರ ಹನ್ನೆರಡು ವರ್ಷದ ಮಗ. ದೋಣಿಯಲ್ಲಿ ನಮ್ಮೊಡನೆ ಬಂದವರು ಚಾಲಕ ಮತ್ತು ಅರಣ್ಯ ಇಲಾಖೆಯಲ್ಲಿ ಕಾವಲುಗಾರರಾಗಿ ದುಡಿದು ನಿವೃತ್ತರಾಗಿದ್ದ ಜೇನುಕುರುಬ ಹಿರಿಯರೊಬ್ಬರು. ಅರುವತ್ತೈದರ ಸುಮಾರಿನ ವಯಸ್ಸು, ಕೃಶವಾದ ದೇಹ, ಹೆಗಲ ಮೇಲೆ ಮಾಸಿದ ಕೆಂಪು ಟವೆಲು. ನಾವು ಹತ್ತು ಮಾತನಾಡಿದರೆ ಅವರು ಒಂದು ಮಾತನಾಡುವರು; ಅದೂ ಕೈಸನ್ನೆಯಲ್ಲಿ ಮುಗಿಯದಿದ್ದರೆ ಮಾತ್ರ.

ಬತ್ತಿದ ನೀರಿನ ಕೊಡುಗೆ

ಜಲಾಶಯವು ಬತ್ತುವುದರಲ್ಲಿಯೇ ಈ ಸ್ಥಳದ ರಹಸ್ಯವಿದೆ. ಫೆಬ್ರವರಿಯಿಂದ ನೀರು ದಿನದಿನಕ್ಕೆ ಹಿಂಜರಿಯುತ್ತದೆ. ಹಿಂಜರಿದ ನೀರು ಬಿಟ್ಟುಹೋದ ಮೆಕ್ಕಲುಮಣ್ಣಿನಲ್ಲಿ ತೇವ ಉಳಿದಿರುತ್ತದೆ; ಅದರಲ್ಲಿ ಹಸುರು ಹುಲ್ಲು ಚಿಗುರುತ್ತದೆ. ಒಳಗಿನ ಕಾಡಿನಲ್ಲಿ ಹುಲ್ಲು ಒಣಗಿ ಹೊಂಡಗಳು ಆರುವ ಹೊತ್ತಿಗೆ ಇಲ್ಲಿ ಮೈಲಿಗಟ್ಟಲೆ ಹಸುರು ಹಾಸು. ನಾಗರಹೊಳೆ, ಬಂಡೀಪುರ, ವಯನಾಡು, ಈ ಮೂರು ಕಾಡುಗಳ ಆನೆಗಳು ಈ ಹುಲ್ಲನ್ನೂ ನೀರನ್ನೂ ನೆಚ್ಚಿ ದಡಕ್ಕೆ ಇಳಿಯುತ್ತವೆ. ಏಷ್ಯಾದ ಆನೆಗಳು ಋತುಮಾನಕ್ಕೆ ತಕ್ಕಂತೆ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ನೆರೆಯುವ ತಾಣಗಳು ಲೋಕದಲ್ಲಿ ಬಹಳ ವಿರಳ.

ದೋಣಿ ತಿರುವೊಂದನ್ನು ದಾಟಿತು. ಮೊದಲು ಕಂಡದ್ದು ದಡದ ಮೇಲಿನ ಕಪ್ಪು ಬಂಡೆಗಳು. ಬಂಡೆಗಳು ಕಿವಿಯಾಡಿಸಿದಾಗ ನನ್ನ ಎದೆ ಹಾರಿತು! ಹುಡುಗನು ಎಣಿಸತೊಡಗಿದನು. ನಲವತ್ತರವರೆಗೆ ಬಂದು, ಹಿಂದಿನವು ಮುಂದೆ ಬಂದು ಮುಂದಿನವು ಹಿಂದೆ ಸರಿದು ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ ಆರಂಭಿಸಿದನು. ಹೆಣ್ಣಾನೆಗಳು ಹುಲ್ಲಿನ ಜೊಂಪೆಯನ್ನು ಸೊಂಡಿಲಿನಿಂದ ಹಿಡಿದು, ಮುಂಗಾಲಿನಿಂದ ಒದ್ದು ಕಿತ್ತು, ಮೊಣಕಾಲಿಗೆ ಬಡಿದು ಮಣ್ಣು ಕೊಡವಿ ಬಾಯಿಗಿಡುತ್ತಿದ್ದವು. ಕೆಲವೇ ವಾರಗಳ ಮರಿಯೊಂದು ನೀರಿನ ಅಂಚಿನಲ್ಲಿ ಮಂಡಿಯೂರಿ ಬಾಯಿಂದಲೇ ನೀರು ಹೀರುತ್ತಿತ್ತು. ಸೊಂಡಿಲಿನಲ್ಲಿ ನೀರೆಳೆಯುವ ವಿದ್ಯೆ ಆನೆಗೆ ಹುಟ್ಟಿನಿಂದ ಬರುವುದಿಲ್ಲ. ಅದನ್ನು ಮರಿ ತಿಂಗಳುಗಟ್ಟಲೆ ಕಲಿಯಬೇಕು. ದೂರದಲ್ಲಿ ಸಲಗವೊಂದು ಯಾರ ಗೊಡವೆಯೂ ತನಗಿಲ್ಲವೆಂಬಂತೆ ಮೈಮೇಲೆ ಧೂಳೆರಚಿಕೊಳ್ಳುತ್ತ ನಿಂತಿತ್ತು. ಇವೆಲ್ಲದರ ನಡುವೆ ಚುಕ್ಕೆಜಿಂಕೆಗಳು ಊರ ದನಗಳಂತೆ ನಿಶ್ಚಿಂತೆಯಿಂದ ಮೇಯುತ್ತಿದ್ದವು.

ನೀರಿನಡಿಯ ದೊಡ್ಡಿ

ನಡುನೀರಿನಲ್ಲಿ ಒಂದೆಡೆ ಹಿರಿಯರು ಕೈಚಾಚಿ, “ಖೆಡ್ಡಾ ಜಾಗ ಇಲ್ಲೇ ಕೆಳಗದೆ ಸ್ವಾಮಿ” ಎಂದರು. ಸುತ್ತಲೂ ನೀರಲ್ಲದೆ ಬೇರೇನೂ ಕಾಣಲಿಲ್ಲ.

ಕಾಕನಕೋಟೆಯ ಹೆಸರನ್ನು ಕೇಳದ ಕನ್ನಡಿಗರು ಕಡಿಮೆ. ಮಾಸ್ತಿಯವರು ಆ ಹೆಸರಿನ ನಾಟಕವನ್ನೇ ಬರೆದರು. ಹೈದರಾಲಿಯು ಈ ಕಾಡಿನಲ್ಲಿ ಆನೆ ಹಿಡಿಯಲು ಹೋಗಿ ಸೋತು, ಮುಂದೆ ಯತ್ನಿಸುವವರಿಗೆ ಶಾಪವನ್ನು ಕಲ್ಲಿನಲ್ಲಿ ಕೆತ್ತಿಸಿದನೆಂಬ ಐತಿಹ್ಯವನ್ನು ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ ದಾಖಲಿಸಿದ್ದಾನೆ. ಮೈಸೂರಿನ ನೀರಾವರಿ ನಾಲೆಗಳನ್ನು ನೋಡಿಕೊಳ್ಳುತ್ತಿದ್ದ ಈತನೇ 1874ರಲ್ಲಿ ಚಾಮರಾಜನಗರದ ಬಳಿ ಹಿಂಡನ್ನು ಹಿಡಿಯುವುದರಲ್ಲಿ ಯಶಸ್ವಿಯಾದವನು. ಮುಂದೆ ಕಾಕನಕೋಟೆಯ ಖೆಡ್ಡಾ ಜಗತ್ಪ್ರಸಿದ್ಧವಾಯಿತು. ವೈಸರಾಯರೂ ರಾಜಕುಮಾರರೂ ಅದನ್ನು ನೋಡಲು ಕಾರಾಪುರದಲ್ಲಿ ಬೀಡುಬಿಡುತ್ತಿದ್ದರು. 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಹಾಲಿವುಡ್ಡಿನವರೆಗೆ ಹೆಸರಾದ ಸಾಬು ಇದೇ ಕಾರಾಪುರದ ಮಾವುತನೊಬ್ಬನ ಮಗ.

ಖೆಡ್ಡಾದ ಕ್ರಮ ಹೀಗೆ: ನೂರಾರು ಮಂದಿ ಕಾಡನ್ನು ಬಳಸಿ ನಿಂತು, ಹಗಲು ತಮಟೆ, ಇರುಳು ಬೆಂಕಿಗಳಿಂದ ಹಿಂಡನ್ನು ಹಲವು ದಿನ ಸುತ್ತುಗಟ್ಟುವರು. ಬಳಿಕ ಒಮ್ಮೆಗೇ ಕೂಗೆಬ್ಬಿಸಿ, ಗದ್ದಲಕ್ಕೆ ಬೆದರಿದ ಆನೆಗಳನ್ನು ಹೊಳೆಗೆ ಇಳಿಸಿ, ಎದುರು ದಡದ ಮರದ ದಿಮ್ಮಿಗಳ ದೊಡ್ಡಿಗೆ ನುಗ್ಗಿಸುವರು. ಬಾಗಿಲು ಬಿದ್ದಮೇಲೆ ಪಳಗಿದ ಆನೆಗಳ ಮರೆಯಲ್ಲಿ ಒಳಹೊಕ್ಕು ಹಗ್ಗ ಬಿಗಿಯುವರು. ತಾಯಿ ಒಂದು ಕಂಬಕ್ಕೆ, ಮರಿ ಇನ್ನೊಂದಕ್ಕೆ. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿಯನ್ನು ಹೊತ್ತು, 2023ರ ಡಿಸೆಂಬರಿನಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡಿನಲ್ಲಿ ಕಾಡಾನೆಯೊಡನೆ ಸೆಣಸಿ ಮಡಿದ ಅರ್ಜುನನೂ 1968ರಲ್ಲಿ ಕಾಕನಕೋಟೆಯ ಕಾಡಿನಲ್ಲಿ ಸೆರೆಸಿಕ್ಕವನೇ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು. ಅದರ ಹಿಂದೆಯೇ ಜಲಾಶಯದ ನೀರೂ ಬಂದು ಖೆಡ್ಡಾದ ನೆಲವನ್ನು ಮುಚ್ಚಿತು.

“ನೀವು ನೋಡಿದ್ದಿರಾ ಯಜಮಾನರೆ?” ಎಂದು ಕೇಳಿದೆನು. ಹಿರಿಯರು ಉತ್ತರಿಸಲಿಲ್ಲ. ಅವರ ದೃಷ್ಟಿ ಆಗಲೇ ದಡದ ಕಡೆಗೆ ಹೊರಳಿತ್ತು.

ಕೆಸರಿನಲ್ಲಿ ಮರಿ

ಹದಿನಾಲ್ಕು ಆನೆಗಳ ಹಿಂಡೊಂದು ಬಂಡೀಪುರದ ಕಡೆಯಿಂದ ಈಜಿ ನಮ್ಮ ದಡಕ್ಕೆ ಬರುತ್ತಿತ್ತು. ನೀರಿನ ಮೇಲೆ ನೆತ್ತಿಗಳೂ ಎತ್ತಿದ ಸೊಂಡಿಲುಗಳೂ ಮಾತ್ರ ಕಾಣುತ್ತಿದ್ದವು. ಮುಂದೆ ಹಿರಿಯ ಹೆಣ್ಣಾನೆ. ನಡುವೆ ತಾಯಿಯ ಪಕ್ಕೆಗೆ ಒತ್ತಿಕೊಂಡು ಒಂದು ಮರಿ. ದೊಡ್ಡವು ಒಂದೊಂದಾಗಿ ದಡ ಹತ್ತಿದವು. ಮರಿಯು ಮಾತ್ರ ಎರಡು ಮಾರು ಪಕ್ಕಕ್ಕೆ ಸರಿದು ಕಾಲಿಟ್ಟಿತು. ಅಲ್ಲಿ ನೆಲವಿರಲಿಲ್ಲ, ಮೇಲೆ ಮಾತ್ರ ಒಣಗಿದಂತೆ ತೋರುತ್ತಿದ್ದ ಆಳವಾದ ಕೆಸರಿತ್ತು. ನೋಡನೋಡುತ್ತಿದ್ದಂತೆ ಅದು ಹೊಟ್ಟೆಯವರೆಗೆ ಹೂತುಹೋಯಿತು.

ಮರಿಯ ಚೀತ್ಕಾರಕ್ಕೆ ಹಿಂಡೆಲ್ಲ ಹಿಂದಕ್ಕೆ ಓಡಿಬಂದಿತು. ತಾಯಿ ಸೊಂಡಿಲು ಚಾಚಿ ಎಳೆದರೆ ಮರಿ ಮುಂದಕ್ಕೆ ಬಾಗಿ ಇನ್ನಷ್ಟು ಹೂತುಕೊಂಡಿತು. ನನ್ನ ಗೆಳೆಯರು ತಡೆಯಲಾರದೆ ಎದ್ದುನಿಂತು, “ಯಾರನ್ನಾದರೂ ಕರೆಯೋಣ, ಹಗ್ಗವೇನಾದರೂ ಇದೆಯೇ?” ಎಂದರು. ಅಷ್ಟರಲ್ಲಿ ಪ್ರವಾಸಿಗರ ಇನ್ನೊಂದು ದೋಣಿ ಸದ್ದು ಮಾಡುತ್ತ ತಿರುವಿನಲ್ಲಿ ಕಾಣಿಸಿಕೊಂಡಿತು. ಅದರೊಳಗಿನವರು ಆನೆಗಳನ್ನು ಕಂಡ ಸಂತೋಷಕ್ಕೆ ಕೇಕೆ ಹಾಕುತ್ತಿದ್ದರು. ಹಿರಿಯ ಹೆಣ್ಣಾನೆ ಕಿವಿಯಗಲಿಸಿ ಅತ್ತ ತಿರುಗಿತು. ಎರಡು ಆನೆಗಳು ಮರಿಯನ್ನು ಬಿಟ್ಟು ಕಾಡಿನ ಕಡೆಗೆ ಹೆಜ್ಜೆಯಿಟ್ಟವು. ಹಿಂಡು ಬೆದರಿ ಓಡಿದರೆ ಮರಿಯ ಗತಿಯೇನು?

ನಮ್ಮ ಹಿರಿಯರು ಎದ್ದರು. ಟವೆಲನ್ನು ಹೆಗಲಿಂದ ತೆಗೆದು ತಲೆಯ ಮೇಲೆ ಒಮ್ಮೆ ಬೀಸಿ, ಬೆರಳನ್ನು ತುಟಿಗಿಟ್ಟು ಆ ದೋಣಿಯತ್ತ ನೋಡುತ್ತ ನಿಂತರು. ಅತ್ತಲ ಚಾಲಕ ಅವರ ಗುರುತು ಹಿಡಿದನೆಂದು ತೋರುತ್ತದೆ, ಯಂತ್ರ ನಿಂತಿತು. ಕೇಕೆಯೂ ನಿಂತಿತು. “ಸದ್ದು ಮಾಡ್ಬ್ಯಾಡಿ ಸ್ವಾಮಿ,” ಎಂದರು ನನ್ನ ಗೆಳೆಯರಿಗೆ ಪಿಸುದನಿಯಲ್ಲಿ. “ಮರಿಗೆ ದೊಡ್ಡವ್ರು ಅವ್ರೆ. ಅವ್ರು ನೋಡ್ಕತಾರೆ.”

ಆಮೇಲಿನ ಇಪ್ಪತ್ತು ನಿಮಿಷಗಳಲ್ಲಿ ಎರಡು ದೋಣಿಗಳ ಹದಿನೈದು ಮಂದಿಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಹಿರಿಯ ಹೆಣ್ಣಾನೆ ಮರಿಯ ಬಳಿಗೆ ಮರಳಿತು. ತಾಯಿಯನ್ನು ಭುಜದಿಂದ ತಳ್ಳಿ ಪಕ್ಕಕ್ಕೆ ಸರಿಸಿತು. ಬಳಿಕ ಗಟ್ಟಿನೆಲದ ಅಂಚಿನಲ್ಲಿ ಮಂಡಿಯೂರಿ, ಒಂದು ಮುಂಗಾಲಿನಿಂದ ಮರಿಯ ಎದುರಿನ ಮಣ್ಣನ್ನು ಸ್ವಲ್ಪಸ್ವಲ್ಪವಾಗಿ ಕೆದಕಿ ಕುಸಿಯಿಸತೊಡಗಿತು. ಮಣ್ಣು ಜಾರಿ ಇಳಿಜಾರಾಯಿತು. ಇನ್ನೊಂದು ಹೆಣ್ಣಾನೆ ನೀರಿನ ಕಡೆಯಿಂದ ಬಂದು ಮರಿಯ ಹಿಂಭಾಗಕ್ಕೆ ಹಣೆಯೊತ್ತಿ ನೂಕಿತು. ಎರಡು ಬಾರಿ ಮರಿ ಮೇಲೆದ್ದು ಮತ್ತೆ ಜಾರಿತು. ಮೂರನೆಯ ಬಾರಿ ಅದರ ಮುಂಗಾಲುಗಳು ಗಟ್ಟಿನೆಲವನ್ನು ಹಿಡಿದವು. ಕೆಸರು ಚಪ್ಪರಿಸಿದಂತೆ ಸದ್ದು ಮಾಡಿ ಅದನ್ನು ಬಿಟ್ಟುಕೊಟ್ಟಿತು. ಮರಿ ನಡುಗುತ್ತ ತಾಯಿಯ ಹೊಟ್ಟೆಯಡಿಗೆ ನುಸುಳಿತು. ಸುತ್ತಲಿನ ಸೊಂಡಿಲುಗಳೆಲ್ಲ ಬಂದು ಅದರ ಮೈಯನ್ನು ಮುಟ್ಟಿನೋಡಿದವು.

ಹುಡುಗನ ಕಣ್ಣಿನಲ್ಲಿ ನೀರಿತ್ತು. ಅವನ ತಂದೆಯ ಕಣ್ಣಿನಲ್ಲಿಯೂ ಇತ್ತೆಂದು ಹೇಳಿದರೆ ಅವರು ಕೋಪಿಸಿಕೊಳ್ಳಲಾರರೆಂದು ನಂಬಿದ್ದೇನೆ.

2023ರ ಗಣತಿಯು ಕರ್ನಾಟಕದಲ್ಲಿ 6,395 ಆನೆಗಳಿವೆಯೆಂದು ಅಂದಾಜು ಮಾಡಿತು. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದು ಮರಿ ಯಾವ ಲೆಕ್ಕವೆಂದು ಕೇಳಬಹುದು. ಸುಮಾರು ಇಪ್ಪತ್ತೆರಡು ತಿಂಗಳು ಹೊತ್ತು ಹೆತ್ತ ತಾಯಿಗೂ, ಅದನ್ನು ಸುತ್ತುವರಿದು ನಿಂತ ಬಳಗಕ್ಕೂ ಅದು ಲೆಕ್ಕವೆಂಬುದನ್ನು ನಾವು ಕಣ್ಣಾರೆ ಕಂಡೆವು.

ಹೊತ್ತು ಮುಳುಗುವ ಮುನ್ನ ದೋಣಿಗಳು ಹಿಂದಿರುಗಲೇಬೇಕು. ದಡ ಸಮೀಪಿಸಿದಾಗ ಹಿರಿಯರು, ಯಾರೂ ಕೇಳದಿದ್ದರೂ, ಆಗಿನ ನನ್ನ ಪ್ರಶ್ನೆಗೆ ಉತ್ತರ ಕೊಟ್ಟರು.

“ಕೊನೇ ಖೆಡ್ಡಾದಾಗ ನಂಗೆ ಹತ್ತೋ ಹನ್ನೊಂದೋ ವರ್ಸ. ಅಪ್ಪ ತಮಟೆ ಹಿಡ್ದಿದ್ರು. ನಾನು ಮರ ಹತ್ತಿ ಕುಂತಿದ್ದೆ. ಎಲ್ರೂ ಕೂಗ್ತಾ ಇದ್ರು ಸ್ವಾಮಿ, ನಾನೂ ಕೂಗ್ದೆ. ದೊಡ್ಡೀಲಿ ಒಂದು ಮರಿ ಇಂಗೇ ಕಿರುಚ್ತಿತ್ತು. ಅದ್ಕೂ ಅದರವ್ವಂಗೂ ನಡುವೆ ಹಗ್ಗ ಇತ್ತು.”

ಇಷ್ಟು ಹೇಳಿ ಅವರು ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು. ನಾವು ದಡವಿಳಿದು ಹಿಂದಿರುಗಿ ನೋಡಿದೆವು. ಮಬ್ಬುಗತ್ತಲಿನಲ್ಲಿ ಆನೆಗಳು ಕಾಣುತ್ತಿರಲಿಲ್ಲ. ಆಚೆಯ ದಡದಿಂದ ಹುಲ್ಲು ಕೀಳುವ ಸದ್ದು ಮಾತ್ರ ನೀರಿನ ಮೇಲಿಂದ ಬಹಳ ಹೊತ್ತು ಕೇಳಿಬರುತ್ತಿತ್ತು.