ಹಂಚಿಟ್ಟ ಹಣದ ಹೊಣೆ

ಹಣವನ್ನೆಲ್ಲ ಒಂದೇ ಕಡೆ ತೊಡಗಿಸಬಾರದೆಂದು ಲೆಕ್ಕಪರಿಶೋಧಕರು ನಮಗೆ ಹೇಳುತ್ತಾರೆ. ಷೇರು, ಸಾಲಪತ್ರಗಳಲ್ಲದೆ ಭೂಮಿ, ಚಿನ್ನ, ಮಳಿಗೆ, ಉಗ್ರಾಣಗಳಲ್ಲಿಯೂ ಒಂದೊಂದು ಪಾಲಿದ್ದರೆ, ಒಂದು ಕುಸಿದಾಗ ಮತ್ತೊಂದು ಕೈಹಿಡಿಯುತ್ತದೆ. ಮಾತು ಯುಕ್ತವೇ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವೂ ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಹೇಳುವಾಗ ಹೊಲ-ಮನೆ, ಬೆಳ್ಳಿ-ಬಂಗಾರ, ದನ-ಧಾನ್ಯ, ದಾಸೀ-ದಾಸರು, ಬಟ್ಟೆ-ಪಾತ್ರೆ ಎಂದು ಸಂಪತ್ತನ್ನು ವಿಂಗಡಿಸುತ್ತದೆ. (ದಾಸೀದಾಸರನ್ನು ಸೊತ್ತೆಂದು ಎಣಿಸುತ್ತಿದ್ದ ಕಾಲ ಕಳೆದುದು ಒಳ್ಳೆಯದೇ ಆಯಿತು.) ಆದರೆ ಅಲ್ಲಿನ ವಿಂಗಡಣೆ ಒಂದೊಂದಕ್ಕೂ ಮಿತಿ ಹಾಕುವುದಕ್ಕಾಗಿ. ಆಚಾರ್ಯ ಸಮಂತಭದ್ರರು ಈ ವ್ರತವನ್ನು ಇಚ್ಛಾಪರಿಮಾಣವೆಂದೂ ಕರೆದಿದ್ದಾರೆ.

ಷೇರು ನಿಧಿಗೆ ಕೊಟ್ಟ ಹಣ ಯಾವ ಕಾರ್ಖಾನೆಯಲ್ಲಿ ದುಡಿಯುತ್ತಿದೆಯೆಂದು ತಿಳಿಯುವುದು ಕಷ್ಟ. ಹೊಲವನ್ನಾದರೆ ಹೋಗಿ ನೋಡಬಹುದು. ಆದಕಾರಣ ಭೂಮಿ, ಬಂಗಾರಗಳ ಹೂಡಿಕೆ ತಾನಾಗಿಯೇ ನಿರ್ದೋಷವೆಂದು ನಮ್ಮಲ್ಲಿ ಹಲವರು ಭಾವಿಸುತ್ತಾರೆ. ನನಗೆ ಹಾಗೆನಿಸುವುದಿಲ್ಲ.

ನಮ್ಮ ಕುಟುಂಬದ ಎರಡು ಎಕರೆಯಲ್ಲಿ ಹಿಪ್ಪುನೇರಳೆ ಹಾಕೋಣವೆಂದು ತಮ್ಮ ಸೂಚಿಸಿದ. ಹುಳು ಸಾಕುವುದು ಬೇಡ, ಸೊಪ್ಪನ್ನು ಮಾತ್ರ ಮಾರಿದರಾಯಿತು ಎಂಬುದು ಅವನ ವಾದ. ಆ ಸೊಪ್ಪು ತಿಂದ ಹುಳು ಗೂಡು ಕಟ್ಟುತ್ತದೆ. ನೂಲು ತುಂಡಾಗದಿರಲೆಂದು ಗೂಡಿನೊಳಗಿನ ಜೀವವನ್ನು ಬಿಸಿಯಿಂದ ಕೊಲ್ಲುತ್ತಾರೆ. ನಾನು ಒಪ್ಪಲಿಲ್ಲ. “ಅಣ್ಣಾ, ನೀವು ಬ್ಯಾಂಕಿನಲ್ಲಿಟ್ಟ ಹಣವನ್ನೂ ಅವರು ರೇಷ್ಮೆ ನೂಲು ಬಿಚ್ಚುವವರಿಗೆ ಸಾಲ ಕೊಟ್ಟಿರಬಹುದಲ್ಲ?” ಎಂದ. ಇದಕ್ಕೆ ನನ್ನಲ್ಲಿ ಪೂರ್ಣವಾದ ಉತ್ತರವಿಲ್ಲ. ಆದರೂ ಕಾಣದ ದೋಷವೊಂದು ಇದೆಯೆಂಬ ಕಾರಣಕ್ಕೆ ಕಂಡೂ ಕಂಡೂ ಮತ್ತೊಂದನ್ನು ಮಾಡಲಾದೀತೆ? ಕೊನೆಗೆ ತೆಂಗು ಹಾಕಿದೆವು. ಫಸಲಿಗೆ ವರ್ಷಗಳು ಬೇಕು; ತಮ್ಮನ ಅಸಮಾಧಾನವೂ ಇನ್ನೂ ತಣಿದಿಲ್ಲ.

ಉಗ್ರಾಣದ ಬಾಡಿಗೆಯನ್ನೂ ಹೀಗೆಯೇ ವಿಚಾರಿಸಬೇಕು. ಧಾನ್ಯ ಕೆಡದಿರಲೆಂದು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳನ್ನಿಟ್ಟು ವಿಷಾನಿಲದಿಂದ ಕೀಟಗಳನ್ನು ಕೊಲ್ಲುವುದು ಅಲ್ಲಿ ವಾಡಿಕೆ. ಚಿನ್ನದ ವಿಷಯಕ್ಕೆ ಬಂದರೆ, ಕೋಲಾರದ ಗಣಿ 2001ರಲ್ಲಿ ಮುಚ್ಚಿದರೂ ಸಯನೈಡ್ ದಿಬ್ಬಗಳು ಉಳಿದಿವೆ. ಮನೆಯಲ್ಲಿರುವ ಹಳೆಯ ಒಡವೆಗಾಗಿ ಯಾರೂ ಹೊಸದಾಗಿ ನೆಲ ಅಗೆಯಬೇಕಿಲ್ಲ. ಹೊಸ ಗಟ್ಟಿಯ ಮಾತು ಬೇರೆ.

ಬಸದಿಗಳ ಟ್ರಸ್ಟುಗಳಿಗೆ ಆಯ್ಕೆ ಇನ್ನೂ ಕಡಿಮೆ. ತೆರಿಗೆ ವಿನಾಯಿತಿ ಬಯಸುವ ದತ್ತಿಗಳು ಹಣವನ್ನು ಎಲ್ಲೆಲ್ಲಿ ತೊಡಗಿಸಬಹುದೆಂದು 1961ರ ಆದಾಯ ತೆರಿಗೆ ಕಾಯ್ದೆಯ 11(5)ನೇ ಕಲಮು ಎಣಿಸಿ ಹೇಳಿತು. ಬ್ಯಾಂಕ್ ಠೇವಣಿ, ಸರ್ಕಾರಿ ಸಾಲಪತ್ರಗಳ ಜೊತೆಗೆ ಸ್ಥಿರಾಸ್ತಿಯನ್ನೂ ಅದು ಸೇರಿಸಿತ್ತು. ಮಳಿಗೆ ಕಟ್ಟಿಸುವ ಉತ್ಸಾಹ ಇದರಿಂದಲೇ ಹುಟ್ಟುವುದು. ಆದರೆ ನಿತ್ಯಪೂಜೆ, ಇಂದ್ರರ ಸಂಬಳಗಳು ನಿಲ್ಲುವಂತಿಲ್ಲ. ಕಟ್ಟಡವನ್ನು ಅವಸರಕ್ಕೆ ಮಾರಲೂ ಆಗದು. ಎರಡು ವರ್ಷದ ಖರ್ಚು ಠೇವಣಿಯಲ್ಲಿ ಭದ್ರವಾದ ಮೇಲೆಯೇ ಮಳಿಗೆಯ ಯೋಚನೆ ಮಾಡುವುದು ಲೇಸು. ಮದ್ಯ, ಮಾಂಸ, ಚರ್ಮ, ಕೀಟನಾಶಕಗಳ ವ್ಯಾಪಾರ ಕೂಡದೆಂದು ಬಾಡಿಗೆ ಕರಾರಿನಲ್ಲಿಯೇ ಬರೆಸಬೇಕು. ಹಾಗೆ ಬರೆಸಿದ್ದರಿಂದ ಬಾಡಿಗೆ ಎಷ್ಟು ಕಡಿಮೆಯಾಯಿತೆಂಬ ಲೆಕ್ಕವನ್ನು ವಾರ್ಷಿಕ ಸಭೆಯ ಮುಂದಿಟ್ಟು, ಆ ಕೊರತೆಯನ್ನು ಯಾರು ತುಂಬಿಕೊಡುವಿರಿ ಎಂದು ಶ್ರಾವಕರನ್ನೇ ಕೇಳಲಿ.