ಮನೆಗೊಂದು ಮಡಿ, ಮಾರ್ಕೆಟ್‌ಗೊಂದು ಮಡಿ

ಇದನ್ನ ಬರೆಯೋಕೆ ನಾಚಿಕೆ ಆಗುತ್ತೆ, ಆದ್ರೂ ಬರೀತೀನಿ.

ಬೈರಮಂಗಲ ಕೆರೆ ಕಾಲುವೆ ಕೆಳಗೆ ನನಗೆ ಒಂದೂವರೆ ಎಕರೆ ಇದೆ. ವೃಷಭಾವತಿ ನೀರಿನ ನೊರೆ, ವಾಸನೆ ನಿಮಗೆ ಹೊಸದಲ್ಲ. ಆದ್ರೆ ಬೇಸಿಗೇಲೂ ನೀರು ನಿಲ್ಲಲ್ಲ, ಗೊಬ್ಬರ ಕಮ್ಮಿ ಹಾಕಿದ್ರೂ ಸೊಪ್ಪು ಸೊಂಪಾಗಿ ಬರುತ್ತೆ. ಹದಿನೈದು ವರ್ಷ ದಂಟು, ಪಾಲಕ್, ಕೊತ್ತಂಬರಿ ಬೆಳೆದು ಮಾರಿದೆ. ಮನೆಗೆ ಮಾತ್ರ ಹಿತ್ತಲಲ್ಲಿ ಬೋರ್ ನೀರಿನ ಎರಡು ಮಡಿ ಬೇರೆ.

ಹೋದ ವರ್ಷ ಸೊಸೆ ಬಸುರಿ. ಹಿತ್ತಲ ಸೊಪ್ಪು ಮುಗಿದಿತ್ತು ಅಂತ ಕಾಲುವೆ ಹೊಲದಿಂದ ಒಂದು ಕಟ್ಟು ತಂದೆ. ನನ್ನ ಹೆಂಡತಿ ಅದನ್ನ ಒಲೆ ಹತ್ರಕ್ಕೂ ಬಿಡಲಿಲ್ಲ. ಆಗ ಸೊಸೆ ಮೆಲ್ಲಗೆ ಕೇಳಿದ್ಲು, "ಕೊಂಡ್ಕೊಳ್ಳೋರ ಮನೇಲೂ ಬಸುರಿ ಹೆಂಗಸರು ಇರ್ತಾರಲ್ವಾ ಮಾವ?" ನನ್ನ ಹತ್ರ ಉತ್ತರ ಇರಲಿಲ್ಲ.

ಮಣ್ಣು ಪರೀಕ್ಷೆ ಮಾಡಿಸಿದೆ. ಮಣ್ಣು ಆರೋಗ್ಯ ಕಾರ್ಡ್‌ನಲ್ಲಿ 12 ಅಂಶ ನೋಡ್ತಾರೆ, ಅದರಲ್ಲಿ ಸೀಸ, ಕ್ಯಾಡ್ಮಿಯಂ ಇಲ್ಲ. ಕಾರ್ಡ್ ಚೆನ್ನಾಗಿದೆ ಅಂದ್ರೆ ಮಣ್ಣು ಚೊಕ್ಕ ಅಂತಲ್ಲ. ಭಾರ ಲೋಹ ನೋಡಿ ಅಂತ ಬೇರೆಯಾಗೇ ಕೇಳಬೇಕು. ಹತ್ತು ಹದಿನೈದು ಕಡೆ ಅರ್ಧ ಅಡಿ ಆಳದ ಮಣ್ಣು ತೆಗೆದು ಬೆರೆಸಿ, ತುಕ್ಕು ಹಿಡಿದ ಗುದ್ದಲಿ ಬೇಡ. ನನ್ನ ಮಣ್ಣಲ್ಲಿ ಕ್ಯಾಡ್ಮಿಯಂ ಜಾಸ್ತಿ ಬಂತು.

ತಿಳ್ಕೊಂಡಿದ್ದು ಇಷ್ಟು. ಎಲೆ ಮೇಲಿನ ಧೂಳು ತೊಳೆದ್ರೆ ಹೋಗುತ್ತೆ, ಬೇರಿಂದ ಏರಿದ ಲೋಹ ತೊಳೆದ್ರೂ ಬೇಯಿಸಿದ್ರೂ ಹೋಗಲ್ಲ. ಕಾಯಿಗಿಂತ ಸೊಪ್ಪು ಜಾಸ್ತಿ ಎಳ್ಕೊಳ್ಳುತ್ತೆ. ಕ್ಯಾಡ್ಮಿಯಂ ಮೂತ್ರಪಿಂಡಕ್ಕೆ, ಸೀಸ ಮಕ್ಕಳ ಮೆದುಳಿಗೆ ಕೆಟ್ಟದ್ದು. ಔಷಧಿ ಥರ ಇದು ಕಾಲ ಕಳೆದಂಗೆ ಕರಗಲ್ಲ, ಮಣ್ಣಲ್ಲೇ ಕೂರುತ್ತೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿದ್ರೆ ಅದು ಲೋಹನ ಸ್ವಲ್ಪ ಹಿಡಿದಿಟ್ಕೊಳ್ಳುತ್ತೆ, ಗಿಡಕ್ಕೆ ಕಮ್ಮಿ ಸಿಗುತ್ತೆ. ಹುಳಿ ಮಣ್ಣಿಗೆ ಸುಣ್ಣನೂ ಅದೇ ಕೆಲಸ ಮಾಡುತ್ತೆ, ಆದ್ರೆ ರಸಸಾರ ನೋಡದೆ ಸುರೀಬೇಡಿ. ಅದೇ ನೀರು ಹಾಯಿಸ್ತಾ ಇದ್ರೆ ಇದೆಲ್ಲಾ ತೂತು ಕೊಡಕ್ಕೆ ನೀರು ತುಂಬಿದಂಗೆ.

ಸೊಪ್ಪು ನಿಲ್ಲಿಸಿದೆ. ಹುಲ್ಲು ಹಾಕೋಣ ಅಂದ್ರೆ ಅದನ್ನೂ ಹಸು ತಿನ್ನಬೇಕಲ್ಲ. ಈಗ ಹಿಪ್ಪುನೇರಳೆ ಹಾಕಿದ್ದೀನಿ, ರೇಷ್ಮೆನ ಯಾರೂ ತಿನ್ನಲ್ಲ. ವಾರವಾರ ಕೈಗೆ ಬರ್ತಿದ್ದ ಸೊಪ್ಪಿನ ದುಡ್ಡು ಹೋಯ್ತು, ಕಷ್ಟ ಇದೆ. ಹಿತ್ತಲ ಬೋರ್ ನೀರನ್ನೂ ಪರೀಕ್ಷೆಗೆ ಕೊಟ್ಟಿದ್ದೀನಿ.

ನೀರು ಕೆಡಿಸಿದ್ದು ನಾವಲ್ಲ, ನಿಜ. ಆದ್ರೆ ಗೊತ್ತಿದ್ದೂ ಮಾರಿದ್ದು ನಾನೇ. ನಿಮ್ಮ ಹೊಲದ ಸೊಪ್ಪು ನಿಮ್ಮ ಮನೇಲಿ ಬೇಯುತ್ತಾ? ಒಂದ್ಸಲ ನೋಡ್ಕೊಳ್ಳಿ.